ಹೆಬ್ಬೆಟ್ಟು ಬಿಟ್ಟವರು

"ಲೇಯ್, ಹೆಣ ಕೆಳಗಿಳಿಸಿದ್ರೆ ಕಾಲು ಮುರೀತೀನಿ ಬೋಳಿಮಕ್ಳಾ! ನಿಮ್ಮಪ್ಪನ ಜಾಗ ಏನ್ಲಾ ಇದು?"

ಸಾವ್ಕಾರ ಜಂಬುಲಿಂಗಪ್ಪ ಹೊಸ ತಂತಿಬೇಲಿಯ ಒಳಗಿನಿಂದ ಕೂಗಿದ. ಹೊರಗೆ, ದೇವಸಮುದ್ರದ ರಸ್ತೆಯಲ್ಲಿ, ಪಾತಣ್ಣನ ಹೆಣ ಹೊತ್ತ ನಾಲ್ವರೂ ನಿಂತಲ್ಲೇ ನಿಂತರು. ಹಿಂದೆ ಇಡೀ ಕಾಲೋನಿ. ಮುಂದೆ ಪಾತಣ್ಣನ ಹೆಂಡತಿ ಯರ್ರಮ್ಮ.

"ನಮ್ ಮಾದಿಗರ ಸುಡುಗಾಡು ಸಾವ್ಕಾರ್ರೇ. ನಮ್ಮತ್ತೆ, ಮಾವ, ನನ್ ಹೊಟ್ಟೀಲಿ ಹುಟ್ಟಿದ್ ಮಗ, ಎಲ್ರೂ ಇಲ್ಲೇ ಅದಾರೆ."

"ಯಾರೂ ಇಲ್ಲ. ಹಂಗಂತ ನೀನೇ ಬರ್ಕೊಟ್ಟೀಯಲ್ಲವ್ವ."

ಜೇಬಿನಿಂದ ಒಂದು ಜೆರಾಕ್ಸ್ ತೆಗೆದು ಬೇಲಿಯ ಮೇಲಿಂದ ಎಸೆದ. ಕೈಗೆ ಕೊಟ್ಟರೆ ಮೈಲಿಗೆಯಾದೀತು! ಮೊಳಕಾಲ್ಮೂರಿನಲ್ಲಿ ಗ್ಯಾರೇಜಿಟ್ಟ ನೂರ್ ಅಹಮ್ಮದ್, ಪಾತಣ್ಣನ ನಲವತ್ತು ವರ್ಷದ ಗೆಳೆಯ, ಅದನ್ನೆತ್ತಿಕೊಂಡು ಓದಿದ. ಅವನ ಮುಖ ಕಪ್ಪಿಟ್ಟಿತು.

"ಭಾಭಿ... ಈ ಜಾಗದಾಗೆ ನಾವು ಯಾವತ್ತೂ ಹೆಣ ಹೂಳಿಲ್ಲ, ಇದು ಸಾವ್ಕಾರ್ರದ್ದೇ ಅಂತ ಐತೆ. ಕೆಳಗೆ ಎಲ್ರ ಸೈನು. ನಿಮ್ದೇ ಮೊದ್ಲು."

ಯರ್ರಮ್ಮ ಕಾಗದ ಇಸಿದುಕೊಂಡು ನೋಡಿದಳು. ತನ್ನದೇ ಸೈನು. ಹೋದ ತಿಂಗಳಿನ ಮಾತು. ಕುಡಿಯುವ ನೀರಿನ ಟ್ಯಾಂಕಿಗೆ ಅರ್ಜಿ ಎಂದು ಸಾವ್ಕಾರನೇ ಕಾಲೋನಿಗೆ ಬಂದಿದ್ದ. ಇಂಕಿನ ಪ್ಯಾಡು ಮುಂದೆ ತಳ್ಳಿ "ಹೆಬ್ಬೆಟ್ಟು ಒತ್ತು" ಎಂದಿದ್ದ. ಯರ್ರಮ್ಮ ಪ್ಯಾಡನ್ನು ಹಿಂದಕ್ಕೆ ತಳ್ಳಿದಳು. "ಪೆನ್ನು ಕೊಡ್ರಿ. ನಾವೀಗ ಸೈನ್ ಮಾಡ್ತೀವಿ." ಅವಳ ಹಿಂದೆ ಮೂವತ್ತೆರಡು ಜನ, ಮದುವೆಗೆ ಹೊರಟವರ ಹಾಗೆ ಸಾಲುಗಟ್ಟಿ, ನಾಲಿಗೆ ಕಚ್ಚಿಕೊಂಡು ತಂತಮ್ಮ ಹೆಸರು ಬರೆದರು. ಜಾಣ ಸಾವ್ಕಾರ, ಭಲೇ ಎಂದ.

ಆ ಹೆಸರುಗಳನ್ನು ಕಲಿಸಿದವನು ಪಾತಣ್ಣ. ದೇವಸಮುದ್ರದ ಶಾಲೆಯಲ್ಲಿ ಬಾಗಿಲಾಚೆ ಕೂತು ಕಲಿತವನು. ಮೇಷ್ಟ್ರು ಅವನ ಸ್ಲೇಟನ್ನು ಕೋಲಿನ ತುದಿಯಿಂದ ನೂಕಿ ತಿದ್ದುತ್ತಿದ್ದರು. ಏಳನೇ ಇಯತ್ತೆ ಮುಗಿಸಿ ಚಳ್ಳಕೆರೆಯ ಕೋರ್ಟಿನ ಅಂಗಳ ಗುಡಿಸಿದ. ವಕೀಲರು ಬಿಸಾಡಿದ ಕಾಗದಗಳನ್ನೆಲ್ಲ ಓದಿ ಓದಿ ಕಾನೂನು ಕಲಿತ. ಊರ ಹೋಟೆಲಿನೊಳಗೆ ಕೂತು ಇಡ್ಲಿ ತಿಂದ ಮೊದಲ ಮಾದಿಗ ಅವನೇ. ಅದಕ್ಕೆ ಮೂರು ಹಲ್ಲು ತೆತ್ತ. ಎರಡು ಸಲ ಜೈಲು ಕಂಡ. ಅವನು ಬರೆದ ಅರ್ಜಿ ಎಂದರೆ ತಾಲ್ಲೂಕು ಆಫೀಸಿನವರು ಕುರ್ಚಿ ಬಿಟ್ಟು ಏಳುತ್ತಿದ್ದರು.

"ಹೆಬ್ಬೆಟ್ಟು ಒತ್ತೋದು ಬಿಡ್ರಿ. ಮೊದ್ಲು ಹೆಸರು ಕಲೀರಿ, ಆಮ್ಯಾಕೆ ಓದೋದು" ಎನ್ನುತ್ತಿದ್ದ. ಹೆಸರು ಬರುವಷ್ಟರಲ್ಲಿ ಎದೆ ಕೆಟ್ಟು ಆಸ್ಪತ್ರೆ ಸೇರಿದ. ಓದು ಹಾಗೇ ಉಳಿಯಿತು.

ಆಸ್ಪತ್ರೆಯಲ್ಲಿ ಯರ್ರಮ್ಮ ಬೀಗುತ್ತಾ ಎಲ್ಲರೂ ಸೈನ್ ಹಾಕಿದ ಸುದ್ದಿ ಹೇಳಿದ್ದಳು. ಅವನು ಕೇಳಿದ್ದು ಒಂದೇ ಮಾತು: "ಅದ್ರಾಗೆ ಏನ್ ಬರ್ದಿತ್ತು, ಯಾರ್ಗಾದ್ರೂ ಓದಿಸಿದ್ರೇನೆ?" ಓದಿಸಿರಲಿಲ್ಲ. ಪಾತಣ್ಣ ಗೋಡೆಯ ಕಡೆ ಹೊರಳಿದ. ಸಾಯುವವರೆಗೂ ಈ ಕಡೆ ತಿರುಗಲಿಲ್ಲ.

"ಕ್ವಾರಿ ಗುಂಡಿಗೆ ಹಾಕ್ಕೊಳ್ರಿ, ಯಾರು ಬ್ಯಾಡಂತಾರೆ?" ಜಂಬುಲಿಂಗಪ್ಪ ಅಡಿಕೆ ಉಗಿದ. "ಕುದಾಪುರದ ಕಡೆ ಸರ್ಕಾರದೋರ ದೊಡ್ ದೊಡ್ ಕಾಂಪೌಂಡ್ ಎದ್ದಾವೆ, ಸೈಟಿನ ರೇಟು ಏರೈತೆ. ಇಲ್ಲಿ ಲೇಔಟ್ ಬರ್ತೈತೆ. ಸೈಟ್ ತಗಳ್ಳೋರು ನಿಮ್ ಹೆಣ ನೋಡ್ಬೇಕಾ?"

ಇದಕ್ಕೆ ಉತ್ತರ ಕೊಡಬೇಕಾದವನು ಚಟ್ಟದ ಮೇಲಿದ್ದ. ಯರ್ರಮ್ಮ ಗುಂಡಿ ತೋಡಲು ತಂದಿದ್ದ ಹಾರೆಯನ್ನು ಕಸಿದುಕೊಂಡು ಬೇಲಿಯ ಗೇಟಿನ ಮುಂದೆ, ನಟ್ಟನಡು ರಸ್ತೆಯ ಡಾಂಬರಿಗೆ ಕುಕ್ಕಿದಳು. ಹಾರೆ ಪುಟಿದು ಬಂತು. ಮತ್ತೆ ಕುಕ್ಕಿದಳು.

"ಏಯ್ ಮುದುಕಿ! ಹುಚ್ಚು ಹಿಡೀತಾ? ಸರ್ಕಾರದ ರೋಡು ಅದು!"

"ಇದಕ್ಕೆ ನಾನು ಸೈನ್ ಹಾಕಿಲ್ಲ ಕಣೋ."

ನೂರ್ ಅಹಮ್ಮದ್ ತನ್ನ ಟೆಂಪೋದಿಂದ ಇನ್ನೊಂದು ಹಾರೆ ತಂದ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಮೊಣಕಾಲುದ್ದ ಇಳಿದಿತ್ತು. ಕೆಳಗೆ ಬರೀ ಬಂಡೆ. ಬಿಸಿಲಿಗೆ ಪಾತಣ್ಣನ ಹೊಟ್ಟೆ ಉಬ್ಬತೊಡಗಿತ್ತು. ಮೊಳಕಾಲ್ಮೂರಿನ ಕಡೆಯಿಂದ ಪೊಲೀಸ್ ವ್ಯಾನುಗಳು ಬರುವುದು ಎಲ್ಲರಿಗೂ ಕಾಣುತ್ತಿತ್ತು. ಯರ್ರಮ್ಮ ತಲೆ ಎತ್ತದೆ ಬಂಡೆಗೆ ಹಾರೆ ಹಾಕುತ್ತಿದ್ದಳು.