ಹಸಿ ಇಟ್ಟಿಗೆಯ ಮೇಲೆ ಓಡಿದ ಮಗು

ಜೀಪಿನ ಸದ್ದು, ಅಲ್ಲ, ಸಿರವಾರದ ಬಸ್ಸು, ಹೊಲದ ದಿಬ್ಬದ ಬಳಿ ಕೂತಿದ್ದೇನೆ, ಮಡಿಲಲ್ಲಿ ಇಟ್ಟಿಗೆ, ಮೊಳದುದ್ದ, ಅದರ ಮೇಲೆ ಮಗುವಿನ ಕಾಲು, ಐದು ಬೆರಳು, ಆಳಕ್ಕೆ ಇಳಿದ ಹಿಮ್ಮಡಿ, ಹಸಿ ಮಣ್ಣು ತುಳಿದು ಓಡಿದ್ದಕ್ಕೆ ಯಾರೋ ಗದರಿರಬೇಕು, ಸಾವಿರ ವರ್ಷ ಆಯಿತೋ ಎರಡು ಸಾವಿರವೋ — ಹಾಳುದಿಬ್ಬದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ ಎಂದು ಪ್ರತಿ ಬೇಸಿಗೆ ಗಾಡಿಗಟ್ಟಲೆ ಹೇರಿದವರು ನಾವೇ, ಈ ವರ್ಷ ಕಾಲುವೆ ನೀರು ಬಂತು, ಭತ್ತಕ್ಕೆಂದು ದಿಬ್ಬವನ್ನೇ ಸಮ ಮಾಡಹೊರಟರೆ ಗುದ್ದಲಿಗೆ ಗೋಡೆ ಸಿಕ್ಕಿತು, ಮೂರು ಕೋಣೆ, ಮೋರಿ, ಒಲೆ, ಒಲೆಯಲ್ಲಿ ಬೂದಿ, ಯಾವುದೋ ಕಾಲದ ಒಕ್ಕಲಿನ ಮನೆ, ಅಪ್ಪ ಇಟ್ಟಿಗೆ ಕಿತ್ತು ದನದ ಕೊಟ್ಟಿಗೆಗೆ ಸಾಗಿಸತೊಡಗಿದ, ನಾನು ಡೈರಿಯ ಹಾಳೆ ಹರಿದು ರಾಯಚೂರಿನ ಪ್ರಾಚ್ಯವಸ್ತು ಕಚೇರಿಗೆ ಬರೆದೆ, ಹೆಸರು ಹಾಕದೆ, ಬರೆಯುವುದಷ್ಟೇ ನನಗೆ ಬರುವುದು, ಬಾಯಿ ಬಿಡುವುದಲ್ಲ. ಮೂರು ದಿನದ ಹಿಂದೆ, ಕಾಗದ ಬಂದಿದೆ, ಅಗೆಯಬಾರದು, ನೋಡಲು ಬರುತ್ತೇವೆ ಎಂದು ನೋಟೀಸು ಬಂದಾಗಲೂ ಬಿಡಲಿಲ್ಲ, ಯಾರ್ಲೇ ಕಾಗದ ಬರದೋರು, ನನ್ನ ಹೊಲ ಸರ್ಕಾರಕ್ಕ ಹಿಡದು ಕೊಟ್ಟೋರು ಅಂದ ಅಪ್ಪ, ಎಲ್ಲರ ಕಣ್ಣು ಹೋದದ್ದು ಗಾಡಿ ಹೊಡೆಯುವ ಶಾಮೀದಸಾಬನ ಮೇಲೆ, ಕೂಲಿಯವರಲ್ಲಿ ಓದು ಬಲ್ಲವನು ಅವನೊಬ್ಬನೇ, ನಾನಲ್ರೀ ಗೌಡ್ರ, ನಾ ಕಲಿತದ್ದು ಉರ್ದು ಸಾಲಿ, ಕನ್ನಡದಾಗ ಸಹಿ ಮಾಡಾಕೂ ಬರಂಗಿಲ್ಲ ಅಂದ ಅವನು. ಬ್ಯಾರೇದವರ ಕೈಲಿ ಬರಸಾಕ ಬರತದಲ್ಲಲೇ, ನಾಳಿಂದ ನನ್ನ ಎತ್ತು ಮುಟ್ಟಬ್ಯಾಡ — ಬಿ.ಎ. ಓದಿದ ನಾನು ಅಲ್ಲೇ ಬಾಗಿಲ ಹಿಂದಿದ್ದೆ, ನನ್ನ ಕಡೆ ಯಾರೂ ನೋಡಲಿಲ್ಲ. ನಿನ್ನೆ ಅವನ ಹೆಂಡತಿ ಹೀರಾಬಿ ಅವ್ವನ ಮುಂದೆ, ಎರಡು ದಿನ ಆತ್ರೀ ಅಕ್ಕಾರ, ನಮ್ಮ ಮನಿಯವ್ರು ಉಂಡಿಲ್ಲ, ರೊಟ್ಟಿ ಇಲ್ಲಂತಲ್ಲ, ಮಾನ ಹೋತಂತ, ನಾನು ಒಳಗೆ ಹೋಗಿ ಡೈರಿ ತೆರೆದೆ, ಹರಿದ ಹಾಳೆಯ ಅಂಚು ಹಲ್ಲಿನಂತೆ ನಿಂತಿತ್ತು, ಮುಚ್ಚಿದೆ.

ಇದು ಜೀಪೇ, ಧೂಳು, ಕಚೇರಿಯ ಸಾಹೇಬ ಇಳಿದ, ಚೀಲದಿಂದ ಒಂದು ಹಾಳೆ ತೆಗೆದ, ನನ್ನ ಹಾಳೆ, ದೂರದ ಬೇಲಿಯ ಬಳಿ ಶಾಮೀದಸಾಬ ನಿಂತಿದ್ದಾನೆ, ಕೊಡ್ರಿ ಇಲ್ಲಿ ಎಂದು ಅಪ್ಪ ಕಸಿದುಕೊಂಡ, ತಲೆಕೆಳಗಾಗಿ ಹಿಡಿದ, ಅಕ್ಷರ ಗೊತ್ತಿಲ್ಲದ ಅಪ್ಪ, ಯವ್ವಾ ಆದೆಮ್ಮಾ, ಬಾ ಇಲ್ಲಿ, ಎಲ್ಲಾರ ಮುಂದ ಓದು, ಯಾರು ಬರದಾರ ನೋಡು, ನಿನ್ನ ಓದಿಸಿದ್ದು ಇದಕ್ಕ — ಹೆಸರಿಲ್ಲ ಯಪ್ಪಾ ಎಂದರೆ ಸಾಕು, ಅದು ಸುಳ್ಳೂ ಅಲ್ಲ, ಶಾಮೀದಸಾಬ ಬೇಲಿಯ ಆಚೆಗೇ ಉಳಿಯುತ್ತಾನೆ, ನಾನು ಬಾಗಿಲ ಹಿಂದೆ — ನಾನ ಬರದೀನಿ ಯಪ್ಪಾ, ಯಾರ ದನಿ ಇದು, ನನ್ನದೇ, ಅಪ್ಪನ ಮುಖ ನೋಡಲಾರೆ, ಇಟ್ಟಿಗೆಯನ್ನೇ ನೋಡುತ್ತೇನೆ, ಒಂದೇ ಹೆಜ್ಜೆ, ಐದು ಬೆರಳು, ಆಳಕ್ಕೆ ಇಳಿದ ಹಿಮ್ಮಡಿ, ಹಿಮ್ಮಡಿ