ಬಳೆಗಾರ್ತಿಯ ಕೆಂಪು ಹೂವು

ಬಲಗೈಯನ್ನು ಸುಮ್ಮನೆ ಬಿಡಬಾರದು ಎಂಬುದನ್ನು ರಹಿಮತಬಿ ಒಂದು ವರ್ಷದಿಂದ ಕಲಿತುಕೊಂಡಿದ್ದಳು. ಕೈಗೆ ಕೆಲಸ ಹಚ್ಚಿದರೆ ನಡುಕ ಅಡಗುತ್ತಿತ್ತು. ತೊಡೆಯ ಮೇಲಿಟ್ಟು ಒಂದು ಗಳಿಗೆ ಮರೆತರೆ ಸಾಕು, ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಕಾಣದ ಗುಳಿಗೆಯೊಂದನ್ನು ಹೊಸೆಯತೊಡಗುತ್ತಿದ್ದವು. ಅದಕ್ಕೇ ರೋಣದಿಂದ ಅಬ್ಬಿಗೇರಿಗೆ ಹೋಗುವ ಬಸ್ಸಿನಲ್ಲಿ ಆಕೆ ಬಳೆಯ ಮಲಾರವನ್ನು ಮಡಿಲಲ್ಲಿಟ್ಟುಕೊಂಡು, ಹಗ್ಗಕ್ಕೆ ಪೋಣಿಸಿದ ಗಾಜಿನ ಬಳೆಗಳನ್ನು ಸುಮ್ಮಸುಮ್ಮನೆ ಹಿಂದೆ ಮುಂದೆ ಸರಿಸುತ್ತಿದ್ದಳು. ನೋಡಿದವರು ಬಳೆ ಜೋಡಿಸುತ್ತಿದ್ದಾಳೆ ಅಂದುಕೊಳ್ಳಲಿ ಎಂದು.

ಗಂಡ ಲಾಡಸಾಬ ರೋಣದ ಪೇಟೆಯಲ್ಲಿ ಸಣ್ಣ ಬಳೆ ಅಂಗಡಿ ಇಟ್ಟುಕೊಂಡಿದ್ದ. ಸುತ್ತಲಿನ ಹಳ್ಳಿಗಳು ರಹಿಮತಬಿಯ ಪಾಲು. ಅತ್ತೆಯ ಹಿಂದೆ ಮಲಾರ ಹೊತ್ತು ನಡೆದ ದಿನದಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷವಾಗಿತ್ತು. ಹೆಣ್ಣುಮಕ್ಕಳ ಕೈಯನ್ನು ಒಮ್ಮೆ ಒತ್ತಿ ನೋಡಿದರೆ ಅಳತೆ ಹೇಳುತ್ತಿದ್ದಳು. ಎಂಥ ಬಿರುಸು ಕೈಗೂ ನೋವಾಗದಂತೆ ಬಳೆ ಇಡುವವಳು ಎಂದು ಅಬ್ಬಿಗೇರಿಯಲ್ಲಿ ಹೆಸರಿತ್ತು.

ಆ ದಿನ ಸಿದ್ದಲಿಂಗವ್ವನ ಮನೆಯಲ್ಲಿ ಸೊಸೆ ನಿರ್ಮಲಾಳಿಗೆ ಹಸಿರು ಬಳೆ ತೊಡಿಸುವ ಸೀಮಂತದ ಕುಬಸ. ಮದುವೆಯಾಗಿ ಐದು ವರ್ಷದ ಮೇಲೆ ಬಸುರಾದ ಸೊಸೆ. ಪಡಸಾಲೆಯ ತುಂಬ ಹೆಣ್ಣುಮಕ್ಕಳು ಸೇರಿದ್ದರು. ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತ ನಿರ್ಮಲಾ ನಗುತ್ತ ಕೈ ಚಾಚಿದಳು. ರಹಿಮತಬಿ ಒಳಗೊಳಗೇ ದೇವರನ್ನು ನೆನೆದು, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸತೊಡಗಿದಳು. ಎಡಗೈ ಮುಗಿಯಿತು. ಬಲಗೈಗೆ ಬಂದಾಗ ಆಕೆಯ ಬೆರಳುಗಳು ಬಿಗಿದುಕೊಂಡವು. ಒತ್ತು ಸಡಿಲಿಸಬೇಕು ಎಂದು ಮನಸ್ಸು ಹೇಳುತ್ತಿತ್ತು, ಬೆರಳು ಕೇಳಲಿಲ್ಲ. ಚಟ್ ಎಂದಿತು. ಒಂದಲ್ಲ, ಮೂರು ಬಳೆ ಒಟ್ಟಿಗೆ. ನಿರ್ಮಲಾಳ ಮುಂಗೈಯಿಂದ ರಕ್ತ ಹಸಿರು ಸೀರೆಯ ಮೇಲೆ ತೊಟ್ಟಿಕ್ಕಿತು.

ಬಳೆ ‘ಒಡೆಯಿತು’ ಎಂದು ಆ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಅಶುಭ, ‘ಹೆಚ್ಚಿತು’ ಎನ್ನುತ್ತಾರೆ. ಅಂದು ಆ ಮಾತೂ ಯಾರ ಬಾಯಿಂದ ಬರಲಿಲ್ಲ.

ಸಿದ್ದಲಿಂಗವ್ವನ ಕಣ್ಣು ಸೊಸೆಯ ರಕ್ತದ ಮೇಲಿರಲಿಲ್ಲ. ಆಕೆ ರಹಿಮತಬಿಯ ಕೈಯನ್ನೇ ನೋಡುತ್ತಿದ್ದಳು. ಮಡಿಲಿಗೆ ಬಿದ್ದ ಆ ಕೈ ಎಲ್ಲರೆದುರು ತನ್ನ ಹೊಸೆಯುವ ಕೆಲಸ ಶುರುಮಾಡಿತ್ತು.

“ಏನಾಗೇತಿ ನಿನ್ನ ಕೈಗೆ?”

“ಏನಿಲ್ರಿ ಅವ್ವಾರ… ಬಿಸಲಿಗೆ ತಲಿ ತಿರಗಿದಂಗಾತು.”

“ಸುಳ್ಳ ಹೇಳಬ್ಯಾಡ. ಏಳು. ನನ್ನ ಮನಿ ಹೊಸ್ತಿಲಾ ಮತ್ತ ತುಳೀಬ್ಯಾಡ.”

ಮೂವತ್ತು ವರ್ಷ ‘ಉಂಡು ಹೋಗು’ ಎನ್ನದೆ ಕಳಿಸದ ಬಾಯಿ ಅದು. ರಹಿಮತಬಿ ಗಾಜಿನ ಚೂರುಗಳನ್ನು ಸೆರಗಿಗೆ ಬಾಚಿಕೊಳ್ಳಲು ಹೋದಳು. ಅದನ್ನೂ ಬೇಡವೆಂದರು. ಹೊರಗೆ ಬರುವಾಗ ಬೆನ್ನ ಹಿಂದೆ ಒಬ್ಬಳು, “ಕುಡದ ಬಂದಾಳೇನವಾ?” ಎಂದದ್ದು ಕಿವಿಗೆ ಬಿತ್ತು.

ಸುದ್ದಿ ಆಕೆಗಿಂತ ಮುಂಚೆ ಊರೂರು ತಿರುಗಿತು. ಮುಶಿಗೇರಿಯಲ್ಲಿ, ಬಾ ಎಂದು ಕರೆದಿದ್ದ ಮನೆಯವರೇ “ಇನ್ನೊಮ್ಮೆ ನೋಡೂಣು” ಎಂದು ಕದ ಮುಂದೆ ಮಾಡಿದರು. ಅದಕ್ಕಿಂತ ಹೆಚ್ಚಾಗಿ ಆಕೆಯನ್ನು ತಿನ್ನುತ್ತಿದ್ದುದು ನಿರ್ಮಲಾಳ ಹೊಟ್ಟೆಯ ಕೂಸಿನ ಚಿಂತೆ. ಅದಕ್ಕೇನಾದರೂ ಹೆಚ್ಚುಕಮ್ಮಿ ಆದರೆ? ‘ಬಳೆಗಾರ್ತಿಯ ಕೈಗುಣ’ ಎಂದು ಜನ ಅನ್ನದೆ ಬಿಡುತ್ತಾರೆಯೇ? ತಾನಾದರೂ ಅಂದುಕೊಳ್ಳದೆ ಇರಲಾದೀತೇ? ಅಂಗಡಿಗೆ ಅಬ್ಬಿಗೇರಿಯವರು ಯಾರೇ ಬಂದರೂ ಆಕೆ ಅವರ ಮುಖ ನೋಡುವಳು, ಕೇಳಲು ಧೈರ್ಯ ಸಾಲದೆ ಒಳಗೆ ಹೋಗಿಬಿಡುವಳು.

ಕೊನೆಗೆ ಲಾಡಸಾಬ ಆಕೆಯನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ. ನರರೋಗದ ಡಾಕ್ಟರಮ್ಮ ಆಕೆಯನ್ನು ನಡೆಸಿ ನೋಡಿದರು, ಬೆರಳಿಗೆ ಬೆರಳು ತಾಗಿಸಿ ನೋಡಿದರು, ಕಾಗದದ ಮೇಲೆ ಗೆರೆ ಎಳೆಯಿಸಿದರು.

“ಇದಕ್ಕೆ ಪಾರ್ಕಿನ್ಸನ್ ಅಂತಾರೆ. ಮೆದುಳಿನ ಕಾಯಿಲೆ. ಪೂರ್ತಿ ವಾಸಿ ಆಗೋದಿಲ್ಲ. ಆದರೆ ಗುಳಿಗೆ ಹೊತ್ತಿಗೆ ಸರಿಯಾಗಿ ತಗೊಂಡ್ರೆ ಕೈಕಾಲು ಸಡಿಲಾಗ್ತಾವೆ.”

“ಇದು ಯಾರಿಗರೆ ಅಂಟತೈತೇನ್ರಿ? ಬಸರಿ ಹೆಣಮಗಳ ಕೈ ಮುಟ್ಟಿದ್ದೆ ನಾ…”

“ಇಲ್ಲಮ್ಮ. ಮುಟ್ಟಿದ್ರೆ ಅಂಟೋ ರೋಗ ಅಲ್ಲ.”

ರಹಿಮತಬಿ ಅಲ್ಲೇ ಮುಖಕ್ಕೆ ಸೆರಗು ಒತ್ತಿಕೊಂಡಳು. ಡಾಕ್ಟರಮ್ಮ ಆಕೆಯನ್ನು ಅಳಲು ಬಿಟ್ಟು, ಏಪ್ರಿಲ್ ಹನ್ನೊಂದಕ್ಕೆ ಈ ಕಾಯಿಲೆಯವರದೊಂದು ಸಭೆ ಇದೆ, ಬನ್ನಿ ಎಂದರು.

ಹೊರಗೆ ಬಂದ ಮೇಲೆ ಲಾಡಸಾಬ ಧ್ವನಿ ತಗ್ಗಿಸಿ ಹೇಳಿದ: “ಈ ಹೆಸರು ರೋಣದಾಗ ಯಾರ ಕಿವಿಗೂ ಬೀಳಬಾರ್ದು. ಬಳಿಗಾರ್ತಿ ಕೈ ನಡಗತೈತಿ ಅಂತ ಗೊತ್ತಾದ್ರ ನಿನ್ನ ಮುಂದ ಯಾರು ಕೈ ಚಾಚತಾರ? ನಾ ನಿನ್ನ ಮ್ಯಾಲಿನ ಸಿಟ್ಟಿಗೆ ಅನ್ನಾಕತ್ತಿಲ್ಲ ರಹಿಮತ. ಮಂದಿ ನಿನ್ನ ನೋಡಿ ನಗೂದನ್ನ ನನಗ ನೋಡಾಕ ಆಗೂದಿಲ್ಲ.”

ಆದರೂ ಏಪ್ರಿಲ್ ಹನ್ನೊಂದಕ್ಕೆ ಅವನೇ ಆಕೆಯನ್ನು ಹುಬ್ಬಳ್ಳಿಗೆ ಕರೆತಂದ. ಸಭೆಗೆ ಮೂವತ್ತು ಜನ ಬಂದಿದ್ದರು. ಬಾಗಿಲಲ್ಲೇ ರಹಿಮತಬಿಯ ಕಾಲು ನಿಂತವು. ಅಷ್ಟೂ ಜನರಲ್ಲಿ ಒಬ್ಬರೂ ಕೈ ಬಚ್ಚಿಟ್ಟುಕೊಂಡಿರಲಿಲ್ಲ. ಚಹಾ ಕೊಡುವವರು ಲೋಟಗಳಿಗೆ ಅರ್ಧ ಮಾತ್ರ ಸುರಿಯುತ್ತಿದ್ದರು, ಚೆಲ್ಲದಿರಲಿ ಎಂದು. ಆ ಅರ್ಧ ಲೋಟ ಕೈಗೆ ಬಂದಾಗ, ತನ್ನ ಸಂಗತಿ ಬಲ್ಲವರ ನಡುವೆ ಕೂರುವುದೆಂದರೆ ಹೀಗಿರುತ್ತದೆಯೇ ಎಂದು ಆಕೆಗೆ ಆಶ್ಚರ್ಯವಾಯಿತು.

ಡಾಕ್ಟರಮ್ಮ ಬಟ್ಟೆಯಲ್ಲಿ ಹೊಲಿದ ಒಂದು ಕೆಂಪು ಹೂವು ತೋರಿಸಿದರು. ಅಂಚಿಗೆ ಬಿಳಿ ದಾರ. ಹೆಸರು ಟ್ಯೂಲಿಪ್. ಹಾಲೆಂಡಿನಲ್ಲಿ ಇದೇ ಕಾಯಿಲೆಯಿದ್ದ ತೋಟಗಾರನೊಬ್ಬ ಇಂಥದೊಂದು ತಳಿ ಬೆಳೆಸಿ, ಈ ರೋಗವನ್ನು ಮೊದಲು ಬರೆದಿಟ್ಟ ಡಾಕ್ಟರರ ಹೆಸರನ್ನೇ ಅದಕ್ಕೆ ಇಟ್ಟನಂತೆ. ಮೂರು ವರ್ಷದ ಹಿಂದೆ, 2005ರಲ್ಲಿ, ಹೊರದೇಶದ ಸಭೆಯೊಂದರಲ್ಲಿ ಅದನ್ನೇ ಈ ಕಾಯಿಲೆಯವರ ಗುರುತು ಅಂದರಂತೆ. ನಾವೂ ಅದನ್ನೇ ಇಟ್ಟುಕೊಳ್ಳೋಣವೇ, ನೀವೇ ಹೇಳಿ ಎಂದರು.

ನವಲಗುಂದದಿಂದ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಎದ್ದರು. “ನಮ್ಮ ಮಂದಿ ಕಣ್ಣಿಲೆ ಕಾಣದ ಹೂವು ಯಾತಕ್ಕರಿ? ನಮ್ಮ ಹಿತ್ತಲದಾಗ ದಾಸಾಳ ಇಲ್ಲೇನು? ಅದನ್ನ ಇಡೂಣು.”

ಮೂಲೆಯಿಂದ ಮತ್ತೊಬ್ಬರು, “ಯಾ ಹೂವೂ ಬ್ಯಾಡ್ರಿ. ಗುರ್ತ ಹಚ್ಚಿಕೊಂಡ ತಿರಗಿದ್ರ ಮಂದಿ ಬಟ್ಟ ಮಾಡಿ ತೋರಸ್ತಾರ” ಎಂದರು. ಬಹಳ ಜನ ತಲೆದೂಗಿದರು.

ರಹಿಮತಬಿ ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. “ನಾ ಬಳಿ ಮಾರಾಕಿ ರೀ. ಹೆಣಮಗಳ ಕೈ ತುಂಬ ಹಸರ ಬಳಿ ಕಂಡ್ರ, ಮನ್ಯಾಗ ಏನೋ ಶುಭಕಾರ್ಯ ನಡದೈತಿ ಅಂತ ತಿಳೀತೈತಿ, ಯಾರೂ ಬಾಯಿಬಿಟ್ಟ ಹೇಳಬೇಕಿಲ್ಲ. ಊರಿಗೊಂದು ಬಣ್ಣ ಆಗಿದ್ರ ಯಾರಿಗೆ ತಿಳೀತಿತ್ತು? ಬ್ಯಾನಿ ಎಲ್ಲಾ ಕಡೆ ಒಂದ ಐತಿ, ಹೂವೂ ಒಂದ ಇರ್ಲಿ. ಮಂದಿ ಬಟ್ಟ ಮಾಡಿ ತೋರಸ್ತಾರ, ಖರೇ. ಈಗೇನ ತೋರಸೂದಿಲ್ಲೇನ್ರಿ? ಈಗ ‘ಕುಡದಾಳ’ ಅಂತ ತೋರಸ್ತಾರ. ಹೂವು ಕಂಡ್ರ ‘ಏನದು?’ ಅಂತರೆ ಕೇಳ್ಯಾರು.”

ಒಪ್ಪಿದವರು ಕೈ ಎತ್ತಿ ಎಂದರು ಡಾಕ್ಟರಮ್ಮ. ಎತ್ತಿದ ಕೈಗಳೆಲ್ಲ ನಡುಗುತ್ತಿದ್ದವು. ಮಾಸ್ತರರು ತಮ್ಮ ಕೈಯನ್ನೂ ಎತ್ತಿ, “ಎಣಸಾಕ ಹೋಗಬ್ಯಾಡ್ರಿ ಮೇಡಮ್, ಸಿಗೂದಿಲ್ಲ” ಎಂದರು. ಇಡೀ ಕೋಣೆ ನಕ್ಕಿತು.

ಆದರೆ ಸಭೆಯಲ್ಲಿ ಮಾತಾಡುವುದು ಬೇರೆ, ಊರಿಗೆ ಮರಳುವುದು ಬೇರೆ. ನರಗುಂದದಲ್ಲಿ ಬಸ್ಸು ನಿಂತಾಗ ಎದುರು ಸೀಟಿನವರ ಕಣ್ಣು ಸಭೆಯಲ್ಲಿ ಆಕೆಯ ಎದೆಗೆ ಚುಚ್ಚಿ ಕಳಿಸಿದ್ದ ಹೂವಿಗೂ ಕೈಗೂ ಓಡಾಡಿತು. “ತಗೀ ಅದನ್ನ, ರೋಣ ಬಂತು” ಎಂದ ಲಾಡಸಾಬ. ರೋಣ ಇನ್ನೂ ಎಷ್ಟೋ ದೂರವಿತ್ತು. ಆಕೆ ಮರುಮಾತಿಲ್ಲದೆ ಹೂವು ತೆಗೆದು ಚೀಲಕ್ಕೆ ಹಾಕಿದಳು. ಕೋಣೆಯಲ್ಲಿ ಮೂವತ್ತು ಜನರೆದುರು ಅಷ್ಟು ಮಾತಾಡಿದ ಬಾಯಿ ಇದೇನಾ ಎಂದು ದಾರಿಯುದ್ದಕ್ಕೂ ನಾಚಿಕೊಂಡಳು.

ಹತ್ತು ದಿನ ಕಳೆಯಿತು. ಅಂಗಡಿಗೆ ಬಂದ ಗಾಳೆವ್ವ ಎಂಬ ಅಬ್ಬಿಗೇರಿಯ ಹೆಂಗಸು ಬಳೆ ಆರಿಸುತ್ತ, “ಸಿದ್ದಲಿಂಗವ್ವನ ಸೊಸಿನ್ನ ನಿನ್ನೆ ಗದಗಿನ ದವಾಖಾನಿಗೆ ಒಯ್ದಾರಂತ” ಎಂದಳು. ಏಕೆ, ಏನಾಗಿದೆ, ಅದು ಆಕೆಗೂ ಗೊತ್ತಿರಲಿಲ್ಲ. ಅಂದು ರಹಿಮತಬಿ ಊಟ ಬಿಟ್ಟಳು. ಮರುದಿನ ಬೆಳಿಗ್ಗೆ ಗುಳಿಗೆ ನುಂಗಿ, ಸೆರಗಿಗೆ ಹೂವು ಚುಚ್ಚಿಕೊಂಡು ಹೊರಟಳು.

“ಎಲ್ಲಿಗೆ?”

“ಅಬ್ಬಿಗೇರಿಗೆ.”

“ಆಕಿ ಹೊಸ್ತಿಲಾ ತುಳೀಬ್ಯಾಡ ಅಂದಾಳ. ಕೂಸಿಗೆ ಏನರೆ ಆಗಿದ್ರ ಊರ ಮಂದಿ ನಿನ್ನ ಬಿಡೂದಿಲ್ಲ.”

“ಹೊಸ್ತಿಲಾ ತುಳಿಯೂದಿಲ್ಲ. ಹೊರಗ ನಿಂತ ಹೇಳತೀನಿ. ಸುಳ್ಳ ಹೇಳಿ ಬಂದೀನ್ರೀ ನಾನು. ಏನರೆ ಆಗಿದ್ರೂ ಖರೇದು ನನ್ನ ಬಾಯಿಲೆ ಕೇಳಲಿ.”

ಲಾಡಸಾಬ ಅಂಗಡಿಯ ಬಾಗಿಲು ಎಳೆದು, ಬಸ್ ನಿಲ್ದಾಣದವರೆಗೆ ಆಕೆಯ ಸಣ್ಣ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ.

ಸಿದ್ದಲಿಂಗವ್ವನ ಮನೆ ಮುಂದೆ ಬಿಸಿಲು ಏರಿತ್ತು. ಬಾಗಿಲಲ್ಲಿ ನಿರ್ಮಲಾಳೇ ಕಂಡಳು. ಮುಖ ಸೊರಗಿತ್ತು, ಹೊಟ್ಟೆ ತುಂಬಿತ್ತು. “ಕೂಸು?” ಎಂಬ ಒಂದೇ ಮಾತು ರಹಿಮತಬಿಯ ಬಾಯಿಂದ ಬಂತು.

“ಚಲೋ ಐತಿ ಅಮ್ಮಾ. ನನಗ ರಕ್ತ ಕಡಿಮಿ ಐತಂತ, ಗುಳಿಗಿ ಕೊಟ್ಟಾರ.”

ರಹಿಮತಬಿ ಮನೆ ಮುಂದಿನ ಕಟ್ಟೆಯ ಅಂಚಿಗೆ ಕುಳಿತಳು. ಅಷ್ಟರಲ್ಲಿ ಸಿದ್ದಲಿಂಗವ್ವ ಹೊರಬಂದಳು. “ಮತ್ಯಾಕ ಬಂದಿ?”

“ಒಂದ ಮಾತು ಹೇಳಿ ಹೊಕ್ಕೀನ್ರಿ ಅವ್ವಾರ. ಅವತ್ತ ಬಿಸಲಂತ ಸುಳ್ಳ ಹೇಳಿದೆ. ನನಗೊಂದು ಬ್ಯಾನಿ ಐತಿ. ಪಾರ್ಕಿನ್ಸನ್ ಅಂತಾರ. ಈ ಹೂವು ಅದರ ಗುರ್ತು. ಕೈ ನಡಗತೈತಿ, ಬೆರಳು ಹೇಳಿದ ಮಾತು ಕೇಳೂದಿಲ್ಲ. ಕುಡಿಯೂದಲ್ಲ, ಮಾಟ ಅಲ್ಲ, ಅಂಟೂದೂ ಇಲ್ಲ. ಕೈ ನೆಟ್ಟಗಿಲ್ಲ ಅಂತ ಗೊತ್ತಿದ್ದೂ ನಿರ್ಮಲಾನ ಕೈ ಹಿಡದೆ, ಅದು ನನ್ನ ತಪ್ಪು.”

ಸಿದ್ದಲಿಂಗವ್ವ ಬೈಯಲಿಲ್ಲ. ಆಕೆಯ ಕಣ್ಣು ಆ ಕೆಂಪು ಹೂವಿನ ಮೇಲೆ ನಿಂತಿತ್ತು. ಮೆಲ್ಲಗೆ ಕೇಳಿದಳು: “ನಡಿಯೂವಾಗ ಕಾಲು ನೆಲಕ್ಕ ಅಂಟಿದಂಗ ಆಗತಾವೇನು?”

“ಒಮ್ಮೊಮ್ಮೆ ಆಗತಾವ್ರಿ.”

“ನಗಬೇಕಂದ್ರೂ ಮಾರಿ ಮ್ಯಾಲೆ ನಗಿ ಬರೂದಿಲ್ಲೇನು?”

ರಹಿಮತಬಿ ತಲೆಯೆತ್ತಿ ನೋಡಿದಳು. ಇದನ್ನೆಲ್ಲ ಕೇಳಿ ತಿಳಿದವರು ಹೀಗೆ ಕೇಳುವುದಿಲ್ಲ, ಮನೆಯೊಳಗೆ ದಿನಾ ಕಂಡವರು ಕೇಳುತ್ತಾರೆ.

“ಒಳಗ ಬಾ” ಎಂದಳು ಸಿದ್ದಲಿಂಗವ್ವ.

ಹಿಂದಿನ ಕೋಣೆಯ ಕಿಟಕಿ ಮುಚ್ಚಿತ್ತು. ಮಂಚದ ಮೇಲೆ ಆಕೆಯ ಗಂಡ ಮಲ್ಲೇಶಪ್ಪ ಶಾಲು ಹೊದ್ದು ಕುಳಿತಿದ್ದರು. ಮೊಣಕಾಲು ನೋವು, ಅದಕ್ಕೇ ಹೊರಗೆ ಬರುವುದಿಲ್ಲ ಎಂದು ಊರಿಗೆ ಹೇಳಿ ಎರಡು ವರ್ಷವಾಗಿತ್ತು. ಶಾಲಿನ ಕೆಳಗೆ ಏನೋ ಒಂದೇ ಸಮನೆ ಅಲುಗುತ್ತಿತ್ತು.

“ಎಲ್ಲಾ ಕಡೆ ತೋರಿಸಿದ್ವಿ, ತಾಯತ ಕಟ್ಟಿಸಿದ್ವಿ. ದೊಡ್ಡ ದವಾಖಾನಿಗೆ ಮಾತ್ರ ಒಯ್ಯಲಿಲ್ಲ, ಸುದ್ದಿ ಆಗತೈತಿ ಅಂತ” ಎಂದಳು ಸಿದ್ದಲಿಂಗವ್ವ. “ಮನಿತನಕ್ಕ ಶಾಪ ಐತಿ ಅಂತಾರ, ಹುಟ್ಟೂ ಕೂಸಿಗೂ ಬರತೈತಿ ಅಂತಾರ, ನಿರ್ಮಲಾನ ತವರಿನವರು ಏನಂದಾರು ಅಂತ ಹೆದರಿ ಸತ್ತೀನಿ. ಅವತ್ತ ನಿನ್ನ ಕೈ ನೋಡಿದ ಕೂಡ್ಲೆ ಗುರ್ತ ಸಿಕ್ಕತವಾ ನನಗ. ಯಜಮಾನ್ರ ಕೈನ ಪಡಸಾಲ್ಯಾಗ ಬಂದ ಕುಂತಂಗಾತು. ನಿನ್ನ ಹೊರಗ ಹಾಕಿದ್ರ ಅದೂ ಹೊರಗ ಹೊಕ್ಕೈತಿ ಅನಿಸ್ತು.”

ಮಲ್ಲೇಶಪ್ಪನವರ ಮುಖದಲ್ಲಿ ಏನೂ ಕಾಣಲಿಲ್ಲ. ತುಟಿ ಮಾತ್ರ ಅಲುಗಿತು. ಬಾವಿಯೊಳಗಿಂದ ಬಂದಂಥ ಸಣ್ಣ ಧ್ವನಿ: “ಯಾ ಹೂವದು?”

ರಹಿಮತಬಿ ಹೇಳಿದಳು. ತೋಟಗಾರನ ಸುದ್ದಿ, ಮಾಸ್ತರರ ದಾಸಾಳದ ಸುದ್ದಿ, ಅರ್ಧ ಲೋಟ ಚಹಾ, ಎಣಿಸಲಾಗದ ಕೈಗಳು. ಗುಳಿಗೆಯಿಂದ ತನ್ನ ಬೆರಳು ಎಷ್ಟು ಸಡಿಲಾಗಿವೆ ಎಂದು ಮುಚ್ಚಿ ತೆರೆದು ತೋರಿಸಿದಳು.

“ಮೂವತ್ತ ಮಂದಿನಾ?” ಎಂದರು ಅವರು. “ನಾ ಒಬ್ನ ಅನಕೊಂಡಿದ್ದೆ.”

ಶಾಲಿನ ಕೆಳಗಿಂದ ಕೈ ಹೊರಗೆ ಬಂತು. ರಹಿಮತಬಿ ತನ್ನ ಸೆರಗಿನ ಹೂವು ಬಿಚ್ಚಿ ಅವರ ಅಂಗಿಗೆ ಚುಚ್ಚಲು ಹೋದಳು. ಪಿನ್ನು ಎರಡು ಸಲ ಜಾರಿತು. ನಿರ್ಮಲಾ ನೆರವಿಗೆ ಕೈ ಚಾಚಿದಳು. ಸಿದ್ದಲಿಂಗವ್ವ ಸೊಸೆಯ ಕೈ ಹಿಡಿದು ತಡೆದಳು. ಮೂರನೆಯ ಸಲಕ್ಕೆ ಪಿನ್ನು ಕೂತಿತು.

“ಮುಂದಿನ ವಾರ ನಮ್ಮನ್ನೂ ಕರಕೊಂಡು ಹೋಗವಾ ಹುಬ್ಬಳ್ಳಿಗೆ” ಎಂದಳು ಸಿದ್ದಲಿಂಗವ್ವ. ಮಲ್ಲೇಶಪ್ಪನವರು ತಲೆ ಅಲ್ಲಾಡಿಸಿದರು. “ಹುಬ್ಬಳ್ಳಿ ಆಮ್ಯಾಲೆ. ಮೊದಲ ಹೊರಗ ಕರಕೊಂಡ ನಡಿ.”

ಕೋಣೆಯಿಂದ ಕಟ್ಟೆಯವರೆಗೆ ಮೂವತ್ತು ಹೆಜ್ಜೆಯೂ ಇರಲಿಲ್ಲ. ಹೊಸ್ತಿಲ ಹತ್ತಿರ ಅವರ ಕಾಲು ನೆಲಕ್ಕೆ ಕಚ್ಚಿಕೊಂಡವು. “ಒಂದು, ಎರಡು ಅಂತ ಎಣಸ್ರಿ ಯಜಮಾನ್ರ, ಡಾಕ್ಟರು ಹಂಗ ಹೇಳ್ಯಾರ” ಎಂದಳು ರಹಿಮತಬಿ. ಅವರು ಎಣಿಸಿದರು. ಕಾಲು ಎದ್ದವು. ಎರಡು ವರ್ಷದ ಮೇಲೆ ಮಲ್ಲೇಶಪ್ಪ ತಮ್ಮ ಕಟ್ಟೆಯ ಮೇಲೆ ಕುಳಿತು, ಕೈಯನ್ನು ತೊಡೆಯ ಮೇಲೆ ತೆರೆದೇ ಇಟ್ಟರು.

ಹೊಲದಿಂದ ಮೇವಿನ ಹೊರೆ ಹೊತ್ತು ಬರುತ್ತಿದ್ದ ನೆರೆಮನೆಯ ಹೂವಪ್ಪ ನಿಂತುಬಿಟ್ಟ. ನಡುಗುವ ಕೈ ನೋಡಿದ, ಕಣ್ಣು ಬೇರೆ ಕಡೆ ತಿರುಗಿಸಿದ. ಮತ್ತೆ ನೋಡಿದ.

“ಯಜಮಾನ್ರ, ಎದಿ ಮ್ಯಾಲೆ ಏನ್ರಿ ಅದು?”

ಸಿದ್ದಲಿಂಗವ್ವ ಗಂಡನ ಪರವಾಗಿ ಬಾಯಿ ತೆರೆದಳು, ಹಾಗೇ ಮುಚ್ಚಿಕೊಂಡು ಕಾದಳು.

“ಬ್ಯಾನಿ ಐತೊ ಹೂವಪ್ಪ” ಎಂದರು ಮಲ್ಲೇಶಪ್ಪ. “ಹೆಸರು ತೊಡಕಿಂದೈತಿ. ಹೊರಿ ಇಳಿಸಿ ಕುಂದರು, ಸಾವಕಾಶ ಹೇಳತೀನಿ.”

ಊರ ಮುಂದೆ ರೋಣದ ಬಸ್ಸು ಹಾರ್ನು ಹಾಕಿತು. ಮುಂದಿನದಕ್ಕೆ ಇನ್ನೂ ಎರಡು ತಾಸು. ಹೂವಪ್ಪ ಮೇವಿನ ಹೊರೆ ಇಳಿಸಿದ. ರಹಿಮತಬಿ ಕಟ್ಟೆಯ ಮೇಲೆ ಇನ್ನಷ್ಟು ಒಳಗೆ ಸರಿದು, ಅವನಿಗೆ ಜಾಗ ಮಾಡಿಕೊಟ್ಟಳು.