ಇಪ್ಪತ್ತೆರಡು ಜನ ನಿಲ್ಲುವ ವೇದಿಕೆ

"ಸ್ಟೇಜು ಬಾಡಿಗೆಗೆ ಗೊತ್ತಾಯ್ತು. ಮಾಲೀಕ ಒಂದೇ ಫೋನಿಗೆ ಒಪ್ಕೊಂಡ," ಎಂದು ಡ್ರೈವರಣ್ಣ ಮೊಬೈಲನ್ನು ಜೇಬಿಗಿಳಿಸಿ ಚಹಾಕ್ಕೆ ಕೈಚಾಚಿದರು.

ಬೀದಿಯ ವಾಚನಾಲಯಕ್ಕೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಭಾನುವಾರ ಸಂಜೆ ಮೈದಾನದಲ್ಲಿ ಕಾರ್ಯಕ್ರಮ, ಬೀದಿಯ ಇಪ್ಪತ್ತೆರಡು ಹೆಂಗಸರ ಹಾಡು. ವೇದಿಕೆಯ ಹೊಣೆ ಡ್ರೈವರಣ್ಣನದು. ಬಸ್ಸು ಓಡಿಸಿ ನಿವೃತ್ತರಾದವರು. ಹಾಡುವವರಲ್ಲಿ ಅವರ ಹೆಂಡತಿಯೂ ಒಬ್ಬಳು. ಮಂಡಿ ಆಪರೇಷನ್ ಆದ ಮೇಲೆ ಮೂಲೆ ಹಿಡಿದು ಕೂತಿದ್ದ ಆಕೆ, ಹಾಡಿನ ಅಭ್ಯಾಸಕ್ಕೆ ಹೋಗತೊಡಗಿದ ಮೇಲೆಯೇ ಊರುಗೋಲು ಬಿಟ್ಟಿದ್ದು. ಈಗ ಬಟ್ಟೆ ಮಡಚುವಾಗಲೂ ಹಾಡೇ.

ಎದುರು ಮನೆಯಾಕೆ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದಳು. ಕಟ್ಟಡಗಳ ಸುತ್ತ ಕಬ್ಬಿಣದ ಪೈಪಿನ ಸಾರುವೆ ನಿಲ್ಲಿಸುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಪೈಪಕ್ಕ, ಡ್ರೈವರಣ್ಣನಿಗೆ ಮಾತ್ರ ತಂಗಿ.

"ಎಷ್ಟು ಜನ ಹತ್ತುತಾರೆ ಅಂತ ಹೇಳಿದ್ರಾ ಅಣ್ಣ?"

"ಅದನ್ನೇನು ಹೇಳೋದಮ್ಮ. ಸ್ಟೇಜು ಇರೋದೇ ಹತ್ತೋಕೆ."

"ಒಬ್ಬರು ನಿಂತು ಭಾಷಣ ಮಾಡೋದು ಬೇರೆ, ಇಪ್ಪತ್ತೆರಡು ಜನ ತಾಳಕ್ಕೆ ಮೈ ತೂಗೋದು ಬೇರೆ. ಅವನು ಜಾಗ ನೋಡಿದ್ನಾ?"

"ಮೈದಾನದಲ್ಲಿ ನೋಡೋಕೇನಿದೆ? ಅಂಗೈ ಥರ ಚಪ್ಪಟೆಯಾಗಿದೆ."

"ಬರವಣಿಗೆಯಲ್ಲಿ ಏನಾದ್ರೂ ಕೊಟ್ನಾ?"

ಡ್ರೈವರಣ್ಣನಿಗೆ ರೇಗಿತು. "ನಿನ್ನ ಮಾತು ಕೇಳಿದ್ರೆ ಕುರ್ಚಿ ಮೇಲೆ ಕೂರೋಕೂ ಅರ್ಜಿ ಹಾಕ್ಬೇಕು ತಂಗಿ."

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. "ಶನಿವಾರ ನಾನೂ ಬಂದು ನೋಡ್ತೀನಿ ಅಣ್ಣ," ಎಂದು ಪೈಪಕ್ಕ ಲೋಟ ಕೆಳಗಿಟ್ಟಳು.

ಶನಿವಾರ ಬೆಳಿಗ್ಗೆ ಹೆಂಡತಿಯೂ ಸೇರಿ ಮೂವರೂ ಮೈದಾನಕ್ಕೆ ಹೋದರು. ವೇದಿಕೆ ಎದ್ದು ನಿಂತಿತ್ತು. ಮೇಲೆ ಕೆಂಪು ಹಾಸು, ಹಿಂದೆ ಎರಡಾಳೆತ್ತರದ ಬ್ಯಾನರು. ಡ್ರೈವರಣ್ಣನ ಎದೆಯುಬ್ಬಿತು. ಪೈಪಕ್ಕ ಮಾತ್ರ ಹಾಸಿನ ಕಡೆ ತಿರುಗಿಯೂ ನೋಡದೆ, ಸುತ್ತ ಇಳಿಬಿಟ್ಟಿದ್ದ ಬಟ್ಟೆಯನ್ನು ಎತ್ತಿ ಕುಕ್ಕರುಗಾಲಲ್ಲಿ ಕೂತಳು.

"ಅಣ್ಣ, ಸ್ವಲ್ಪ ಬಗ್ಗಿ ನೋಡಿ."

ವೇದಿಕೆಯ ಕಾಲುಗಳೆಲ್ಲ ಬಿಡಿ ಇಟ್ಟಿಗೆಗಳ ಮೇಲೆ ನಿಂತಿದ್ದವು. ಹಿಂದಿನ ಮೂಲೆಯಲ್ಲಿ ಹೋದ ತಿಂಗಳು ನೀರಿನ ಪೈಪು ಹಾಕಿ ಗುಂಡಿ ಮುಚ್ಚಿದ್ದರು. ಅಲ್ಲಿ ಇಟ್ಟಿಗೆ ಆಗಲೇ ಅರ್ಧ ಹೂತಿತ್ತು. ಕಾಲಿನಿಂದ ಕಾಲಿಗೆ ಓರೆಯಾಗಿ ಬಿಗಿಯಬೇಕಾದ ಪೈಪುಗಳ ಜಾಗದಲ್ಲಿ ಹಗ್ಗ. ದೀಪದ ವೈರನ್ನು ಕಬ್ಬಿಣದ ಕಂಬಕ್ಕೇ ಸುತ್ತಿದ್ದರು. ಪೈಪಕ್ಕ ಒಂದೇ ಕೈಯಲ್ಲಿ ಕಂಬ ಅಲುಗಿಸಿದಳು. ಬ್ಯಾನರಿನ ತುದಿಯವರೆಗೂ ನಡುಕ ಹೋಯಿತು.

"ಇದೇ ಸ್ಟೇಜಿನ ಮೇಲೆ ಎಷ್ಟೋ ಪ್ರೋಗ್ರಾಮ್ ಆಗಿದೆ, ಏನೂ ಆಗಿಲ್ಲ," ಎಂದ ವೇದಿಕೆ ಕಟ್ಟಿದ್ದ ಕೆಲಸದವನು.

ಆಗಲಿ ಬಿಡು ಎನ್ನುವ ಮಾತು ಡ್ರೈವರಣ್ಣನ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಹೆಂಡತಿ ಅವರ ಭುಜ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಮೆಟ್ಟಿಲು ಅಲುಗಿತು. ಆಕೆ ಕಾಲು ಹಿಂತೆಗೆದುಕೊಂಡಳು.

"ರೀ, ಮೂವತ್ತು ವರ್ಷ ಬಸ್ಸು ಓಡಿಸಿದ್ರಿ. ಸುತ್ತ ಒಂದು ಸಲ ನೋಡದೆ ಒಂದಿನಾನೂ ಸೀಟು ಹತ್ತಿದವರಲ್ಲ. ನಿನ್ನೆ ಚೆನ್ನಾಗೇ ಓಡ್ತಲ್ಲ ಅಂತ ಯಾರಾದ್ರೂ ಅಂದಿದ್ರೆ ಏನಂತಿದ್ರಿ?"

"ನಿನ್ನೇದು ನಿನ್ನೆಗಾಯ್ತು ಅಂತಿದ್ದೆ."

ಬಸ್ಸಿನಲ್ಲಿದ್ದವರು ಗುರುತಿಲ್ಲದ ಜನ. ಅವರಿಗಾಗಿ ಅಷ್ಟು ನೋಡಿದವನು ನಾನು, ಇವಳಿಗಾಗಿ ಬಗ್ಗಿಯೂ ನೋಡಲಿಲ್ಲವಲ್ಲ ಎಂದುಕೊಂಡರು ಡ್ರೈವರಣ್ಣ. ವೇದಿಕೆಯ ಮಾಲೀಕನಿಗೆ ಫೋನು ಹಚ್ಚಿದರು.

"ಇಪ್ಪತ್ತೆರಡು ಜನ, ಎರಡು ಸ್ಪೀಕರ್ ಬಾಕ್ಸು. ಇಷ್ಟು ಭಾರ ತಡೆಯುತ್ತೆ ಅಂತ ನೀವೇ ಬಂದು ನೋಡಿ ಬರೆದುಕೊಡಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ನಮ್ಮವರು ನೆಲದ ಮೇಲೆ ನಿಂತೇ ಹಾಡ್ತಾರೆ."

ಮಾಲೀಕ ಮಧ್ಯಾಹ್ನದೊಳಗೆ ಬಂದ. ನೋಡಿ ತಲೆ ಕೆರೆದುಕೊಂಡ. "ನಾಲ್ಕು ಜನ ಕೂರೋ ಸಭೆ ಅಂದ್ಕೊಂಡಿದ್ದೆ. ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ."

ವೇದಿಕೆಯನ್ನು ಬಿಚ್ಚಿ ಗಟ್ಟಿ ನೆಲಕ್ಕೆ ತಂದರು. ಕಾಲುಗಳ ಕೆಳಗೆ ಅಗಲವಾದ ಹಲಗೆ ಬಂತು, ಓರೆ ಪೈಪುಗಳು ಬಂದವು, ಮೆಟ್ಟಿಲಿಗೂ ಅಂಚಿಗೂ ಹಿಡಿದುಕೊಳ್ಳಲು ಕಂಬಿ ಬಂತು. ಎಲೆಕ್ಟ್ರಿಷಿಯನ್ ವೈರು ಬಿಡಿಸಿ, ಶಾಕ್ ಹೊಡೆಯದಂತೆ ಅರ್ಥಿಂಗ್ ಕೊಟ್ಟ. ಇಪ್ಪತ್ತೆರಡು ಜನರ ಭಾರ ತಡೆಯುತ್ತದೆಂದೂ, ಕಾರ್ಯಕ್ರಮ ಮುಗಿಯುವ ತನಕ ತನ್ನ ಕಡೆಯವನೊಬ್ಬ ಇರುತ್ತಾನೆಂದೂ ಮಾಲೀಕ ಬರೆದುಕೊಟ್ಟ.

"ಇನ್ನೊಂದು ಅಣ್ಣ," ಎಂದಳು ಪೈಪಕ್ಕ. "ಗಾಳಿ ಎದ್ರೆ ಬ್ಯಾನರು ದೋಣಿಯ ಹಾಯಿ ಥರ ಸ್ಟೇಜನ್ನೇ ಎಳೆಯುತ್ತೆ. ಇಳೀರಿ ಅಂತ ಹೇಳೋಕೆ ಒಬ್ಬರು ಇರ್ಬೇಕು. ಅವರ ಮಾತಿಗೆ ಯಾರೂ ಎದುರಾಡಬಾರದು."

"ಆ ಒಬ್ಬ ನಾನೇ," ಎಂದರು ಡ್ರೈವರಣ್ಣ.

ಭಾನುವಾರ ಎರಡನೇ ಹಾಡಿನ ನಡುವೆಯೇ ಗಾಳಿ ಎದ್ದಿತು. ಧೂಳು ಹಾರಿತು, ಬ್ಯಾನರು ಹೊಟ್ಟೆ ಉಬ್ಬಿಸಿತು. ಡ್ರೈವರಣ್ಣ ಕೈಯೆತ್ತಿದರು. "ಹಾಡು ನಿಲ್ಲಿಸಿ, ಕಂಬಿ ಹಿಡ್ಕೊಂಡು ಒಬ್ಬೊಬ್ಬರಾಗಿ ಇಳೀರಿ." ಇಷ್ಟು ಗಾಳಿಗೇ ಹೆದರಬೇಕೇ ಎಂದು ಜನರ ನಡುವಿನಿಂದ ಯಾರೋ ಗೊಣಗಿದರು. ಡ್ರೈವರಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತೆರಡೂ ಜನ ಇಳಿದು ದೂರ ಸರಿಯುವವರೆಗೆ ಎಣಿಸುತ್ತ ನಿಂತರು. ಮಾಲೀಕನ ಕಡೆಯವನು ಬ್ಯಾನರು ಇಳಿಸಿದ. ಇಪ್ಪತ್ತು ನಿಮಿಷ ಗಾಳಿ ಬೀಸಿತು. ಅಷ್ಟು ಹೊತ್ತೂ ಹೆಂಗಸರು ಜನರ ನಡುವೆ ಕೂತು ಮೈಕಿಲ್ಲದೆ ಹಾಡಿದರು. ಗಾಳಿ ನಿಂತಿತು. ಪೈಪಕ್ಕ ಕಾಲುಗಳನ್ನೆಲ್ಲ ಮತ್ತೊಮ್ಮೆ ನೋಡಿ ತಲೆಯಾಡಿಸಿದ ಮೇಲೆ ಮತ್ತೆ ಎಲ್ಲರೂ ಹತ್ತಿದರು.

ಹಾಡು ಮುಗಿಸಿ ಕೆಳಗಿಳಿದ ಹೆಂಡತಿ ಗಂಡನ ಕೈ ಹಿಡಿದಳು. "ಹಾಡು ಹೇಗಿತ್ತು?"

"ಚೆನ್ನಾಗಿತ್ತು."

"ಸುಳ್ಳು. ಕೊನೇವರೆಗೂ ನನ್ನ ಕಾಲೇ ನೋಡ್ತಿದ್ರಿ. ನಡೀರಿ, ಮನೇಲಿ ಇನ್ನೊಂದ್ಸಲ ಹಾಡ್ತೀನಿ."

ಓದುತ್ತಿರುವ ನಿಮ್ಮ ಬೀದಿಯಲ್ಲೂ ಒಂದು ದಿನ ವೇದಿಕೆ ಏಳುತ್ತದೆ. ಬಾಡಿಗೆಗೆ ಹೇಳುವಾಗಲೇ ಎಷ್ಟು ಜನ ಹತ್ತುತ್ತಾರೆ, ಏನು ಮಾಡುತ್ತಾರೆ ಎಂದು ತಿಳಿಸಿ. ಜಾಗವನ್ನು ಮೊದಲೇ ತೋರಿಸಿ. ಎಷ್ಟು ಭಾರ ತಡೆಯುತ್ತದೆ ಎಂದು ಬರೆಸಿಕೊಳ್ಳಿ. ಹಿಂದಿನ ದಿನವೇ, ಹಗಲಲ್ಲೇ, ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿ ಕೆಳಗೆ ಬಗ್ಗಿ ನೋಡಿ. ಗಾಳಿ ಮಳೆ ಬಂದರೆ ನಿಲ್ಲಿಸಿ ಎನ್ನುವವರನ್ನು ನೇಮಿಸಿ, ಅವರು ಹೇಳಿದಾಗ ಇಳಿಯಿರಿ. ಕೇಳುವುದಕ್ಕೆ ಸಂಕೋಚ ಬೇಡ. ಅಲ್ಲಿ ಹತ್ತುವವರು ನಿಮ್ಮ ಮನೆಯವರು.